ಕೈಗಡದಲ್ಲಿ ತೆಂಗಿನ ತೋಟ

ಮಾರ್ಚ್ ಕೊನೆಯ ವಾರ ಹಳ್ಳಿಯ ಸಹಕಾರ ಸಂಘದ ಮುಂದೆ ನಿಂತವರಿಗೆ ಈ ನೋಟ ಹೊಸದಲ್ಲ. ಹೋದ ವರ್ಷದ ಬೆಳೆಸಾಲ ಕಟ್ಟಿದರೆ ಮಾತ್ರ ಈ ವರ್ಷದ ಸಾಲ ಸಿಗುತ್ತದೆ, ಕಟ್ಟಲು ಕೈಯಲ್ಲಿ ಕಾಸಿಲ್ಲ. ಊರಿನ ದುಡ್ಡಿನವರೊಬ್ಬರಿಂದ ಬೆಳಿಗ್ಗೆ ಕೈಗಡ ತಂದು ಸಂಘಕ್ಕೆ ಕಟ್ಟುತ್ತಾರೆ. ಒಂದೆರಡು ದಿನದಲ್ಲಿ ಹೊಸ ಸಾಲ ಖಾತೆಗೆ ಬಿದ್ದ ಕೂಡಲೇ ಎತ್ತಿ, ಮೇಲಷ್ಟು ಬಡ್ಡಿ ಸೇರಿಸಿ ಅವರಿಗೆ ಮುಟ್ಟಿಸುತ್ತಾರೆ. ಪುಸ್ತಕದಲ್ಲಿ ಹಳೆಯ ಸಾಲ ತೀರಿದೆ, ಹೊಸದು ಹುಟ್ಟಿದೆ. ವರ್ಷಗಟ್ಟಲೆ ಇದು ಸಲೀಸಾಗಿ ನಡೆಯುತ್ತದೆ, ದುಡ್ಡಿನವರು ಒಂದು ಬೆಳಿಗ್ಗೆ ‘ಈ ಸಲ ಆಗಲ್ಲ ಕಣಪ್ಪ’ ಅನ್ನುವವರೆಗೆ.

2018ರ ಸೆಪ್ಟೆಂಬರ್ 21, ಶುಕ್ರವಾರ, ಮುಂಬೈಯಲ್ಲಿ ನಡೆದದ್ದು ಇದೇ. ದಿವಾನ್ ಹೌಸಿಂಗ್ ಫೈನಾನ್ಸ್, ಅಂದರೆ ಡಿಎಚ್‌ಎಫ್‌ಎಲ್, ದೇಶದ ದೊಡ್ಡ ಗೃಹಸಾಲ ಕಂಪನಿಗಳಲ್ಲಿ ಒಂದಾಗಿತ್ತು. ಡಿಎಸ್‌ಪಿ ಮ್ಯೂಚುವಲ್ ಫಂಡ್ ತನ್ನ ಬಳಿ ಇದ್ದ ಈ ಕಂಪನಿಯ ಸುಮಾರು 300 ಕೋಟಿ ರೂಪಾಯಿಯ ಅಲ್ಪಾವಧಿ ಸಾಲಪತ್ರಗಳನ್ನು ಮಾಮೂಲಿಗಿಂತ ಹೆಚ್ಚು ಬಡ್ಡಿಯ ಲೆಕ್ಕದಲ್ಲಿ, ಅಂದರೆ ಅಗ್ಗಕ್ಕೆ, ಮಾರಿದ ಸುದ್ದಿ ಹರಡಿತು. ಕೆಲವೇ ವಾರಗಳ ಹಿಂದೆ ಐಎಲ್‌ಅಂಡ್‌ಎಫ್‌ಎಸ್ ಎಂಬ ಹಣಕಾಸು ದೈತ್ಯ ಕಂತು ತಪ್ಪಿಸಿತ್ತು, ಮಾರುಕಟ್ಟೆ ಮೊದಲೇ ಬೆದರಿತ್ತು. ಡಿಎಚ್‌ಎಫ್‌ಎಲ್ ಷೇರು ಆ ಒಂದೇ ದಿನ ಶೇಕಡಾ 42ರಷ್ಟು ಕುಸಿಯಿತು. ಆ ದಿನಕ್ಕೆ ಕಂಪನಿ ಯಾರ ಕಂತನ್ನೂ ತಪ್ಪಿಸಿರಲಿಲ್ಲ. ಕಟ್ಟೆಯ ಮೇಲೆ ಕೂತ ದುಡ್ಡಿನವರಲ್ಲಿ ಒಬ್ಬರು ಎದ್ದು ಹೋಗಿದ್ದರು, ಅಷ್ಟೆ. ಉಳಿದವರು ಅವರ ಬೆನ್ನು ನೋಡಿ ಎದ್ದರು.

ಗೃಹಸಾಲ ಕಂಪನಿ ಅಂದಾಗ ನಮ್ಮ ಕಣ್ಣ ಮುಂದೆ ಬರುವುದು ಸಾಲ ಕೊಡುವ ಕೌಂಟರು. ಕ್ರಯಪತ್ರ, ಖಾತಾ, ಋಣಭಾರ ಪತ್ರ ಎಲ್ಲವನ್ನೂ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಹಿಡಿದು ಕೂತವರು ನಾವು, ಆಚೆ ಬದಿಯಲ್ಲಿ ಕೊಡುವವರು. ಆದರೆ ಆಚೆ ಬದಿಯವರೇ ನಮಗಿಂತ ದೊಡ್ಡ ಸಾಲಗಾರರು. ಬ್ಯಾಂಕಿಗಾದರೆ ನಮ್ಮ ನಿಮ್ಮ ಉಳಿತಾಯ ಖಾತೆಯ ಅಗ್ಗದ ದುಡ್ಡು ಇದೆ. ಗೃಹಸಾಲ ಕಂಪನಿ ಉಳಿತಾಯ ಖಾತೆ ತೆರೆಯುವಂತಿಲ್ಲ. ಅದು ಬ್ಯಾಂಕುಗಳಿಂದ ಸಾಲ ತರಬೇಕು, ಡಿಬೆಂಚರು ಮಾರಬೇಕು, ರಾಷ್ಟ್ರೀಯ ವಸತಿ ಬ್ಯಾಂಕಿನಿಂದ ಮರುಸಾಲ ಪಡೆಯಬೇಕು, ಪರವಾನಗಿ ಇದ್ದರೆ ಸಾರ್ವಜನಿಕರಿಂದ ನಿಶ್ಚಿತ ಠೇವಣಿ ಎತ್ತಬೇಕು. ಇದಿಷ್ಟರ ಜೊತೆಗೆ ಇನ್ನೊಂದು ದಾರಿ ಇದೆ. ಕಮರ್ಷಿಯಲ್ ಪೇಪರ್ ಎಂಬ, ಒಂದು ವಾರದಿಂದ ಒಂದು ವರ್ಷದವರೆಗಿನ ಸಾಲಪತ್ರ. ಇದೇ ಆ ವ್ಯವಹಾರದ ಕೈಗಡ.

ಕೈಗಡದ ಸೆಳೆತ ಏನು? ಅಗ್ಗ. ಐದು ವರ್ಷಕ್ಕೆ ತಂದ ದುಡ್ಡಿಗಿಂತ ಮೂರು ತಿಂಗಳಿಗೆ ತಂದ ದುಡ್ಡಿಗೆ ಸಾಮಾನ್ಯವಾಗಿ ಬಡ್ಡಿ ಕಡಿಮೆ. ಮೂರು ತಿಂಗಳಿಗೊಮ್ಮೆ ಲಾಭ ಎಷ್ಟೆಂದು ಷೇರುದಾರರಿಗೆ ಹೇಳಬೇಕಾದ ಮುಖ್ಯಸ್ಥನಿಗೆ ಆ ಒಂದು ಒಂದೂವರೆ ಶೇಕಡಾ ಉಳಿತಾಯವೇ ಸಾಧನೆಯ ಪಟ್ಟಿಯಲ್ಲಿ ಹೊಳೆಯುವ ಸಾಲು. ಆದರೆ ಅದೇ ದುಡ್ಡು ಇತ್ತ ಮನೆ ಕಟ್ಟುವವರ ಕೈಗೆ ಇಪ್ಪತ್ತು ವರ್ಷಕ್ಕೆ ಹೋಗಿರುತ್ತದೆ. ಜನ ನಡುವೆ ಮುಂಗಡ ಕಟ್ಟುತ್ತಾರೆ, ಮನೆ ಮಾರುತ್ತಾರೆ, ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುತ್ತಾರೆ, ಹಾಗಾಗಿ ಎಷ್ಟೋ ಸಾಲಗಳು ಅವಧಿಗೆ ಮೊದಲೇ ತೀರುತ್ತವೆ ನಿಜ. ಆದರೂ ತೊಂಬತ್ತು ದಿನದಲ್ಲಿ ತೀರುವುದಿಲ್ಲವಲ್ಲ. ಯುಗಾದಿಗೆ ಕೊಡುತ್ತೇನೆಂದು ತಂದ ಕೈಗಡದಲ್ಲಿ ತೆಂಗಿನ ತೋಟ ಹಾಕಿದ ಹಾಗಾಯಿತು. ಸಸಿ ಚೆನ್ನಾಗಿಯೇ ಬಂದೀತು, ಮಣ್ಣೂ ಒಳ್ಳೆಯದಿರಬಹುದು. ಮೊದಲ ಕಾಯಿಗೆ ಆರೇಳು ವರ್ಷ ಕಾಯಬೇಕು, ಯುಗಾದಿ ಮಾತ್ರ ಪ್ರತಿ ವರ್ಷ ತಪ್ಪದೆ ಬರುತ್ತದೆ.

ಹೀಗಾಗಿ ಇಂಥ ಕಂಪನಿಯ ಮುಖ್ಯಸ್ಥನನ್ನು ಅಳೆಯುವ ಕೋಲನ್ನು ನಾವು ತಿರುಗಾಮುರುಗಾ ಹಿಡಿದಿದ್ದೇವೆ ಎಂಬುದು ನನ್ನ ಅನಿಸಿಕೆ. ಎಷ್ಟು ಸಾಲ ಕೊಟ್ಟ, ಎಷ್ಟು ಶಾಖೆ ತೆರೆದ, ವಹಿ ಎಷ್ಟು ಬೆಳೆಯಿತು ಎಂದು ಪತ್ರಿಕೆಗಳು ಬರೆಯುತ್ತವೆ. ಯಾರಿಂದ ತಂದ, ಎಷ್ಟು ದಿನಕ್ಕೆ ತಂದ, ತರಬಹುದಾಗಿದ್ದರೂ ಯಾವಾಗ ಬೇಡವೆಂದ ಎಂಬುದನ್ನು ಕೇಳುವವರು ಕಡಿಮೆ.

ಡಿಎಚ್‌ಎಫ್‌ಎಲ್ ಕತೆ ಮುಂದೆ ಹೋದದ್ದು ನೋಡಿ. 1984ರಲ್ಲಿ ರಾಜೇಶ್ ಕುಮಾರ್ ವಾಧವಾನ್ ಆರಂಭಿಸಿದ ಕಂಪನಿ ಅದು, ಸಣ್ಣ ಊರಿನ ಸಣ್ಣ ಸಂಬಳದವರಿಗೆ ಸಾಲ ಕೊಡುವುದು ಅದರ ಹೆಗ್ಗಳಿಕೆ. ತಂದೆಯ ನಂತರ ಮಗ ಕಪಿಲ್ ವಾಧವಾನ್ ಚುಕ್ಕಾಣಿ ಹಿಡಿದು ಕಂಪನಿಯನ್ನು ಹಲವು ಪಟ್ಟು ಬೆಳೆಸಿದರು. ಬಿಲ್ಡರುಗಳಿಗೆ ದೊಡ್ಡ ಮೊತ್ತದ ಸಾಲಗಳೂ ಸೇರಿಕೊಂಡವು. 2018ರ ಆ ಶುಕ್ರವಾರದ ನಂತರ ಹೊಸ ಕೈಗಡ ಸಿಗುವುದು ನಿಂತಿತು. ಆಸ್ತಿ ಮಾರಿ, ಸಾಲದ ಕಂತೆಗಳನ್ನು ಬ್ಯಾಂಕುಗಳಿಗೆ ಮಾರಿ ಕೆಲವು ತಿಂಗಳು ತಳ್ಳಿದರು. 2019ರ ಜನವರಿ ಕೊನೆಯಲ್ಲಿ ಕೋಬ್ರಾಪೋಸ್ಟ್ ಸುದ್ದಿತಾಣ 31,000 ಕೋಟಿ ರೂಪಾಯಿ ಬೇರೆಡೆಗೆ ಸಾಗಿಸಿದ ಆರೋಪ ಹೊರಿಸಿತು, ಕಂಪನಿ ಅಲ್ಲಗಳೆಯಿತು. ಜೂನ್‌ನಲ್ಲಿ ಡಿಬೆಂಚರಿನ ಬಡ್ಡಿ ತಪ್ಪಿತು. ನವೆಂಬರ್ 20ರಂದು ರಿಸರ್ವ್ ಬ್ಯಾಂಕು ಆಡಳಿತ ಮಂಡಳಿಯನ್ನೇ ಬದಿಗೆ ಸರಿಸಿ, ಇಂಡಿಯನ್ ಓವರ್‌ಸೀಸ್ ಬ್ಯಾಂಕಿನ ಮಾಜಿ ಮುಖ್ಯಸ್ಥ ಆರ್. ಸುಬ್ರಮಣ್ಯಕುಮಾರ್ ಅವರನ್ನು ಆಡಳಿತಾಧಿಕಾರಿಯಾಗಿ ಕೂರಿಸಿತು. ದಿವಾಳಿ ಸಂಹಿತೆಯ ಅಡಿ ನ್ಯಾಯಮಂಡಳಿ ಮೆಟ್ಟಿಲೇರಿದ ಮೊದಲ ಹಣಕಾಸು ಕಂಪನಿ ಇದು.

ಆಮೇಲೆ ಬಯಲಾದದ್ದು ಹಳ್ಳಿಯ ಉಪಮೆಯನ್ನು ಮೀರಿದ ಸಂಗತಿ. ಸಿಬಿಐ ಹೊರಿಸಿದ ಆರೋಪದ ಪ್ರಕಾರ ಬಾಂದ್ರಾದಲ್ಲಿ ಇಲ್ಲದ ಶಾಖೆಯೊಂದನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿ, ಅದರಲ್ಲಿ 2007ರಿಂದ 2019ರವರೆಗೆ 2.6 ಲಕ್ಷ ನಕಲಿ ಗೃಹಸಾಲ ಖಾತೆಗಳನ್ನು ತೆರೆಯಲಾಗಿತ್ತು. ಲೆಕ್ಕಪರಿಶೋಧಕರ ಬಾಯಲ್ಲಿ ಅದಕ್ಕೆ ‘ಬಾಂದ್ರಾ ಬುಕ್’ ಎಂದು ಹೆಸರಾಯಿತು. ಈ ನಕಲಿ ಖಾತೆಗಳಲ್ಲಿ ಕೆಲವನ್ನು ತೋರಿಸಿ ಪ್ರಧಾನಮಂತ್ರಿ ಆವಾಸ್ ಯೋಜನೆಯ ಬಡ್ಡಿ ಸಹಾಯಧನವನ್ನೂ ಕೇಳಲಾಗಿತ್ತು ಎಂಬುದು ಇನ್ನೊಂದು ಆರೋಪ. ಇಲ್ಲದ ಬೀದಿ, ಇಲ್ಲದ ಮನೆ, ಇಲ್ಲದ ಯಜಮಾನ. ಕಂತು ಮಾತ್ರ ಪುಸ್ತಕದಲ್ಲಿ ಇದೆ.

ಡಿಎಚ್‌ಎಫ್‌ಎಲ್‌ಗೆ ಸಾಲ ಕೊಟ್ಟವರು ಹೂಡಿದ ಹಕ್ಕು ಸುಮಾರು 87,000 ಕೋಟಿ. ಪಿರಾಮಲ್ ಗುಂಪು 2021ರ ಸೆಪ್ಟೆಂಬರಿನಲ್ಲಿ ಕಂಪನಿಯನ್ನು ಕೊಂಡದ್ದು 34,250 ಕೋಟಿಗೆ. ಮೋಸದ ವ್ಯವಹಾರಗಳಿಂದ ಮುಂದೆ ಎಂದಾದರೂ ವಸೂಲಾಗಬಹುದಾದ ಸುಮಾರು 45,000 ಕೋಟಿಯ ಹಕ್ಕಿಗೆ ಆ ಒಪ್ಪಂದದಲ್ಲಿ ಕಟ್ಟಿದ ಬೆಲೆ ಒಂದು ರೂಪಾಯಿ. ನಾಲ್ಕು ವರ್ಷ ಕೋರ್ಟು ಸುತ್ತಿ 2025ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಆ ಯೋಜನೆಯನ್ನು ಎತ್ತಿಹಿಡಿಯಿತು. ಕಾನೂನಿನ ತರ್ಕ ಸರಿಯಿರಬಹುದು, ಆ ಒಂದು ರೂಪಾಯಿ ನನಗಿನ್ನೂ ಗಂಟಲಲ್ಲಿ ಇಳಿದಿಲ್ಲ.

ಇದೆಲ್ಲ ನಮ್ಮ ದೇಶದ ರೋಗ ಎಂದುಕೊಳ್ಳಬೇಕಿಲ್ಲ. 2007ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ನಾರ್ದರ್ನ್ ರಾಕ್ ಎಂಬ ಗೃಹಸಾಲ ಬ್ಯಾಂಕಿನ ಮುಂದೆ ಠೇವಣಿದಾರರು ಮಡಚುವ ಕುರ್ಚಿ ಹಾಕಿಕೊಂಡು ಸಾಲು ನಿಂತರು. ಜನರ ಠೇವಣಿ ಅದರ ಬಂಡವಾಳದ ಕಾಲು ಭಾಗದಷ್ಟು ಮಾತ್ರ, ಉಳಿದದ್ದು ಮಾರುಕಟ್ಟೆಯಿಂದ ಎತ್ತಿದ್ದು. ಮುಖ್ಯಸ್ಥ ಆಡಂ ಆಪಲ್‌ಗಾರ್ತ್ ಅದಕ್ಕೂ ಮೊದಲು ಉದ್ಯಮ ವಲಯದ ಕಣ್ಮಣಿ. ಮನೆಯ ಬೆಲೆಯ ಶೇಕಡಾ 125ರವರೆಗೆ ಸಾಲ ಕೊಡುವ ಯೋಜನೆಗೆ ಆ ಬ್ಯಾಂಕು ಹೆಸರಾಗಿತ್ತು. ಅಮೆರಿಕದ ಅಡಮಾನ ಸಾಲಗಳು ಹದಗೆಟ್ಟು ಜಗತ್ತಿನ ಹಣದ ಮಾರುಕಟ್ಟೆ ಹೆಪ್ಪುಗಟ್ಟಿದಾಗ ಕೈಗಡ ನಿಂತಿತು. 2008ರ ಫೆಬ್ರವರಿಯಲ್ಲಿ ಸರ್ಕಾರ ಅದನ್ನು ರಾಷ್ಟ್ರೀಕರಿಸಿತು. ಗಮನಿಸಬೇಕಾದ್ದು ಏನೆಂದರೆ ಇಲ್ಲಿ ನಕಲಿ ಶಾಖೆ ಇರಲಿಲ್ಲ. ಮನೆಗಳು ನಿಜ, ಕಂತು ಕಟ್ಟುವವರೂ ನಿಜ. ಸಾಲದ ಅವಧಿ ಒಂದೇ ತಪ್ಪಾಗಿತ್ತು, ಅದೇ ಸಾಕಾಯಿತು.

ಡೆನ್ಮಾರ್ಕಿನವರು ಈ ಗಂಟನ್ನು ಎರಡು ಶತಮಾನದ ಹಿಂದೆಯೇ ಬಿಡಿಸಿದ್ದರು. 1795ರ ಬೆಂಕಿಗೆ ಕೋಪನ್‌ಹೇಗನ್ ಸುಟ್ಟ ಮೇಲೆ ಮನೆ ಮತ್ತೆ ಕಟ್ಟಲು ಹುಟ್ಟಿದ ಅಡಮಾನ ಸಂಸ್ಥೆಗಳವು. ಕೊಟ್ಟ ಸಾಲಕ್ಕೆ ಸರಿಹೊಂದುವ ಅವಧಿಯ ಬಾಂಡನ್ನು ಆಗಲೇ ಮಾರಿಬಿಡುವುದು ಅವರ ಕ್ರಮ. ಮುಖ್ಯಸ್ಥನಿಗೆ ಚಾಲಾಕಿತನ ತೋರಲು ಅಲ್ಲಿ ಜಾಗವೇ ಕಡಿಮೆ. ನಮ್ಮಲ್ಲೂ ಅಂಥ ಪ್ರಯತ್ನ ನಡೆದಿದೆ. 2000ದಲ್ಲೇ ರಾಷ್ಟ್ರೀಯ ವಸತಿ ಬ್ಯಾಂಕು ಗೃಹಸಾಲದ ಕಂತೆಗಳನ್ನು ಪತ್ರವಾಗಿಸಿ ಮಾರಿತ್ತು. 2025ರ ಮೇ ತಿಂಗಳಲ್ಲಿ ಎಲ್‌ಐಸಿ ಹೌಸಿಂಗ್ ಫೈನಾನ್ಸಿನ ಸಾಲಗಳ ಆಧಾರದ ಮೇಲೆ 1,000 ಕೋಟಿ ರೂಪಾಯಿಯ, ಸುಮಾರು ಇಪ್ಪತ್ತು ವರ್ಷದ ಪತ್ರಗಳು ಷೇರು ವಿನಿಮಯ ಕೇಂದ್ರದಲ್ಲಿ ಪಟ್ಟಿಯಾದವು. ಇಪ್ಪತ್ತೈದು ವರ್ಷದಲ್ಲಿ ಇಟ್ಟ ಹೆಜ್ಜೆ ಇಷ್ಟು.

ಹಾಗಾದರೆ ನಮ್ಮಲ್ಲಿ ಚೆನ್ನಾಗಿ ನಡೆಸಿದವರು ಯಾರೂ ಇಲ್ಲವೇ? ಎಚ್‌ಡಿಎಫ್‌ಸಿ ಇದೆ. ಹಸ್ಮುಖ್‌ಭಾಯ್ ಪಾರೇಖ್ ಐಸಿಐಸಿಐನಿಂದ ಹೊರಬಂದ ಮೇಲೆ, ಬಹಳ ಜನ ಮೊಮ್ಮಕ್ಕಳನ್ನು ಆಡಿಸುವ 66ನೆಯ ವಯಸ್ಸಿನಲ್ಲಿ, 1977ರಲ್ಲಿ ಅದನ್ನು ಆರಂಭಿಸಿದರು. ಮಧ್ಯಮ ವರ್ಗದವನು ನಿವೃತ್ತಿಯ ದುಡ್ಡು ಬಂದ ಮೇಲೆ ಮನೆ ಕಟ್ಟುವ ಕಾಲ ಅದು. ದುಡಿಯುವಾಗಲೇ ಮನೆ ಎಂಬ ಕಲ್ಪನೆಯೇ ಆಗ ಹೊಸದು. ಮರುವರ್ಷ ಬಂದು ಸೇರಿದ ಅವರ ಸಹೋದರನ ಮಗ ದೀಪಕ್ ಪಾರೇಖ್ 1993ರಲ್ಲಿ ಅಧ್ಯಕ್ಷರಾದರು, ಮೂವತ್ತು ವರ್ಷ ಅಲ್ಲೇ ಇದ್ದರು. ಕೆಕಿ ಮಿಸ್ತ್ರಿ, ರೇಣು ಸೂದ್ ಕರ್ನಾಡ್ ಕೂಡ ದಶಕಗಟ್ಟಲೆ ಅಲ್ಲೇ ಬೆಳೆದವರು. ತಂದ ದುಡ್ಡಿನ ಬಡ್ಡಿಗೂ ಕೊಟ್ಟ ಸಾಲದ ಬಡ್ಡಿಗೂ ನಡುವಿನ ಅಂತರ ಆ ಕಂಪನಿಯಲ್ಲಿ ವರ್ಷಾನುವರ್ಷ ಶೇಕಡಾ 2.2, 2.3ರ ಆಸುಪಾಸಿನಲ್ಲೇ ನಿಂತಿತ್ತು. ಬಡ್ಡಿ ಏರಿದರೂ ಇಳಿದರೂ ಅಷ್ಟೇ. ಷೇರು ಪೇಟೆಯ ಚುರುಕಿನವರಿಗೆ ಅದು ನೀರಸ ಅನ್ನಿಸಿರಬಹುದು. ಬ್ಯಾಂಕು, ಡಿಬೆಂಚರು, ಠೇವಣಿ ಹೀಗೆ ಹಲವು ಬಾವಿಗಳಿಂದ ನೀರು ಸೇದುವವರಿಗೆ ಮಾತ್ರ ಆ ನೀರಸತೆ ಸಿದ್ಧಿಸುತ್ತದೆ.

2023ರ ಜುಲೈ 1ರಂದು ಎಚ್‌ಡಿಎಫ್‌ಸಿ ತಾನೇ ಹುಟ್ಟಿಸಿದ ಬ್ಯಾಂಕಿನಲ್ಲಿ ಲೀನವಾಯಿತು. ಮಗುವಿನ ಮನೆಗೆ ತಂದೆ ಹೋಗಿ ಸೇರಿದ ಹಾಗೆ. ಆಗ ತಂದೆಯ ಸಾಲದ ಗಾತ್ರ ಎಲ್ಲರ ಕಣ್ಣಿಗೂ ಬಿತ್ತು. ನೂರು ರೂಪಾಯಿ ಠೇವಣಿಗೆ ಸುಮಾರು 110 ರೂಪಾಯಿ ಸಾಲ ಎಂಬ ಮಟ್ಟಕ್ಕೆ ಬ್ಯಾಂಕಿನ ಲೆಕ್ಕ ಏರಿತು. 2024ರ ಜನವರಿಯಲ್ಲಿ ತ್ರೈಮಾಸಿಕ ಫಲಿತಾಂಶ ಬಂದ ಮರುದಿನ ಷೇರು ಶೇಕಡಾ ಎಂಟಕ್ಕೂ ಹೆಚ್ಚು ಬಿದ್ದಿತು. ಮುಖ್ಯಸ್ಥ ಶಶಿಧರ್ ಜಗದೀಶನ್ ಆರಿಸಿದ ದಾರಿ ನಿಧಾನಿಸುವುದು. ಠೇವಣಿ ಬೆಳೆದಷ್ಟು ಸಾಲ ಬೆಳೆಸಲಿಲ್ಲ. 2025ರ ಮಾರ್ಚ್ ಹೊತ್ತಿಗೆ ಆ ಪ್ರಮಾಣ ನೂರರ ಕೆಳಗೆ ಇಳಿಯಿತು. ಬೆಳವಣಿಗೆಯ ಓಟದಲ್ಲಿ ಎಲ್ಲರೂ ಮುಂದೆ ಹೋಗುತ್ತಿರುವಾಗ ಬ್ರೇಕು ಒತ್ತಿ ಕೂರುವುದಕ್ಕೆ ಎದೆಗಾರಿಕೆ ಬೇಕು. ಈ ಇಡೀ ಕ್ಷೇತ್ರದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದ ನಿರ್ಧಾರ ಅದು.

ಇನ್ನು ನಮ್ಮ ಬೆಂಗಳೂರು. ಬಸವನಗುಡಿಯಲ್ಲಿ ಕಚೇರಿ ಇಟ್ಟುಕೊಂಡಿರುವ ಕ್ಯಾನ್ ಫಿನ್ ಹೋಮ್ಸ್ 1987ರಲ್ಲಿ ಕೆನರಾ ಬ್ಯಾಂಕ್ ಹುಟ್ಟುಹಾಕಿದ ಕಂಪನಿ, ಇಂದಿಗೂ ಸುಮಾರು ಶೇಕಡಾ 30ರಷ್ಟು ಪಾಲು ಬ್ಯಾಂಕಿನದೇ. ಗ್ರಾಹಕರಲ್ಲಿ ಹೆಚ್ಚಿನವರು ಸಂಬಳದಾರರು, ಸಾಲಗಳು ಸಣ್ಣವು, ಬಿಲ್ಡರುಗಳ ಗೊಡವೆ ಕಡಿಮೆ. 2018ರಲ್ಲಿ ಕೆನರಾ ಬ್ಯಾಂಕು ತನ್ನ ಪಾಲು ಮಾರಲು ಹೊರಟು, ನಿರೀಕ್ಷಿಸಿದ ಬೆಲೆ ಸಿಗದೆ ಕೈಬಿಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮುಂಬೈಯ ಬೆಂಕಿ ಹತ್ತಿದಾಗ ಸರ್ಕಾರಿ ಬ್ಯಾಂಕೊಂದು ಬೆನ್ನಿಗಿರುವುದೇ ಈ ಕಂಪನಿಗೆ ದೊಡ್ಡ ಆಸರೆಯಾಯಿತು. ಮಾರಲಾಗದ್ದು ಭಾಗ್ಯವಾದದ್ದು ಹೀಗೆ. ಆಗ ಅಲ್ಲಿ ಮುಖ್ಯಸ್ಥರಾಗಿದ್ದ ಎಸ್.ಕೆ. ಹೋಟಾ ಮುಂದೆ ರಾಷ್ಟ್ರೀಯ ವಸತಿ ಬ್ಯಾಂಕಿನ ಚುಕ್ಕಾಣಿ ಹಿಡಿದರು.

ಕ್ಯಾನ್ ಫಿನ್‌ಗೆ ಕರ್ನಾಟಕವೇ ದೊಡ್ಡ ಮಾರುಕಟ್ಟೆ. ಅದರ ಬಿಸಿ 2024ರ ಕೊನೆಯಲ್ಲಿ ತಟ್ಟಿತು. ಅಕ್ಟೋಬರಿನಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯವಾದಾಗ ಬೆಂಗಳೂರಿನ ಉಪನೋಂದಣಿ ಕಚೇರಿಗಳಲ್ಲಿ ವಹಿವಾಟು ಕುಂಟಿತು. ಕ್ರಯಪತ್ರವೇ ನೋಂದಣಿಯಾಗದೆ ಸಾಲದ ಚೆಕ್ಕು ಹೇಗೆ ಹೊರಡಬೇಕು? ಆ ತ್ರೈಮಾಸಿಕದ ಸಾಲ ವಿತರಣೆ ಇಳಿಯಿತು. ಹೂಡಿಕೆದಾರರ ಸಭೆಯಲ್ಲಿ ಮುಂಬೈಯ ವಿಶ್ಲೇಷಕರು ಖಾತಾ ಎಂದರೇನು ಎಂದು ಕಲಿಯಬೇಕಾಗಿ ಬಂತು. ನಮಗೆ ಅದು ಹುಟ್ಟಿನಿಂದ ಗೊತ್ತಿರುವ ತಲೆನೋವು.

ಒಬ್ಬ ಮನುಷ್ಯನ ಮೇಲೆ ಕಂಪನಿ ಎಷ್ಟು ನಿಂತಿರಬೇಕು ಎಂಬ ಪ್ರಶ್ನೆಗೂ ಇಲ್ಲೇ ಉದಾಹರಣೆ ಇದೆ. 2019ರಲ್ಲಿ ಕ್ಯಾನ್ ಫಿನ್‌ಗೆ ಬಂದ ಗಿರೀಶ್ ಕೌಸ್ಗಿ 2022ರ ಸೆಪ್ಟೆಂಬರಿನಲ್ಲಿ ಹೊರಟಾಗ ಷೇರು ತೀವ್ರವಾಗಿ ಕುಸಿಯಿತು. ಅವರು ಹೋದದ್ದು ಪಿಎನ್‌ಬಿ ಹೌಸಿಂಗ್‌ಗೆ. ಬಿಲ್ಡರು ಸಾಲಗಳಿಂದ ಬಳಲಿ, 2021ರಲ್ಲಿ ಕಾರ್ಲೈಲ್ ಗುಂಪಿನ 4,000 ಕೋಟಿಯ ಹೂಡಿಕೆ ವಿವಾದಕ್ಕೆ ಸಿಕ್ಕಿ ರದ್ದಾಗಿ, ಬಂಡವಾಳಕ್ಕೆ ಬಾಯಿಬಿಡುತ್ತಿದ್ದ ಕಂಪನಿ ಅದು. ಕೌಸ್ಗಿ ಅಲ್ಲಿ ದೊಡ್ಡ ಸಾಲಗಳನ್ನು ಕಳೆದು, ಹಕ್ಕು ಷೇರು ಮಾರಿ ಬಂಡವಾಳ ಎತ್ತಿ, ಸಾಮಾನ್ಯರ ಗೃಹಸಾಲದತ್ತ ಹೊರಳಿಸಿದರು. 2025ರ ಜುಲೈ ಕೊನೆಗೆ ಅವರು ಅಲ್ಲಿಂದಲೂ ಹೊರಡುವ ಸುದ್ದಿ ಬಂದ ಮರುದಿನ ಆ ಷೇರು ಸುಮಾರು ಶೇಕಡಾ 18 ಬಿತ್ತು. ಒಬ್ಬರ ರಾಜೀನಾಮೆ ಪತ್ರಕ್ಕೆ ಇಷ್ಟು ತೂಕ ಬರುವುದು ಆ ವ್ಯಕ್ತಿಗೆ ಸಲ್ಲುವ ಹೊಗಳಿಕೆ ಹೌದು. ಎರಡನೆಯವರನ್ನು ಬೆಳೆಸದ ಆಡಳಿತ ಮಂಡಳಿಯ ಬಗ್ಗೆಯೂ ಅದು ಹೇಳುತ್ತದೆ.

ಇಂಡಿಯಾಬುಲ್ಸ್ ಹೌಸಿಂಗ್ ಕತೆ ಬೇರೆ ಬಗೆ. ಬ್ಯಾಂಕಾದರೆ ಅಗ್ಗದ ಠೇವಣಿ ಸಿಕ್ಕೀತೆಂದು ಲಕ್ಷ್ಮೀ ವಿಲಾಸ್ ಬ್ಯಾಂಕಿನ ಜೊತೆ ಒಂದಾಗಲು ಹೊರಟಿತು, 2019ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು ಒಪ್ಪಲಿಲ್ಲ. ಆಮೇಲೆ ವಹಿಯನ್ನು ಕುಗ್ಗಿಸುತ್ತಾ ಸಾಲ ತೀರಿಸಿತು, ಸ್ಥಾಪಕ ಸಮೀರ್ ಗೆಹ್ಲಾಟ್ ಹೊರಬಿದ್ದರು, ಹೆಸರೂ ಸಮ್ಮಾನ್ ಕ್ಯಾಪಿಟಲ್ ಎಂದಾಯಿತು. ಕುಗ್ಗಿದರೂ ಕಂತು ತಪ್ಪಿಸದೆ ಉಳಿದದ್ದು ಸಣ್ಣ ಮಾತಲ್ಲ.

ನಿಯಂತ್ರಕರು ಏನು ಮಾಡಿದರು? 2019ರ ಆಗಸ್ಟಿನಲ್ಲಿ ಈ ಕಂಪನಿಗಳ ಹತೋಟಿ ವಸತಿ ಬ್ಯಾಂಕಿನಿಂದ ರಿಸರ್ವ್ ಬ್ಯಾಂಕಿಗೆ ಬಂತು. ಸ್ವಂತ ಬಂಡವಾಳದ 16 ಪಟ್ಟು ಸಾಲ ತರಬಹುದಾಗಿದ್ದುದು ಹಂತ ಹಂತವಾಗಿ 12 ಪಟ್ಟಿಗೆ ಇಳಿಯಿತು. ಕಂಪನಿಯ ಆಸ್ತಿಯಲ್ಲಿ ಕನಿಷ್ಠ ಶೇಕಡಾ 60 ವಸತಿ ಸಾಲವೇ ಆಗಿರಬೇಕು ಎಂಬ ನಿಯಮ ಬಂತು. ಸಾರ್ವಜನಿಕ ಠೇವಣಿಯ ಮಿತಿ ಸ್ವಂತ ನಿಧಿಯ ಮೂರು ಪಟ್ಟಿನಿಂದ ಒಂದೂವರೆ ಪಟ್ಟಿಗೆ 2025ರ ಜನವರಿಯಿಂದ ಇಳಿದಿದೆ. ಎಲ್ಲವೂ ಬೇಕಾದ್ದೇ. ಎಲ್ಲವೂ ಕಳ್ಳ ಓಡಿದ ಮೇಲೆ ಹಾಕಿದ ಬೀಗವೇ.

ಕೌಂಟರಿನ ಈಚೆ ಬದಿಗೂ ಒಮ್ಮೆ ಬರೋಣ. ತಂದ ಸಾಲದ ಬಡ್ಡಿ ಏರಿದಾಗ ಕಂಪನಿ ಆ ಹೊರೆಯನ್ನು ದಾಟಿಸುವುದು ನಮ್ಮ ಹೆಗಲಿಗೆ. 2019ರಿಂದ ಬ್ಯಾಂಕುಗಳ ಹೊಸ ಚರ ಬಡ್ಡಿ ಗೃಹಸಾಲ ರಿಸರ್ವ್ ಬ್ಯಾಂಕಿನ ರೆಪೊ ದರದಂಥ ಹೊರಗಿನ ಅಳತೆಗೆ ಕಟ್ಟುಬಿದ್ದಿದೆ. ಗೃಹಸಾಲ ಕಂಪನಿಗಳಿಗೆ ಆ ಕಡ್ಡಾಯ ಇಲ್ಲ, ತಮ್ಮದೇ ಮೂಲದರ ತಾವೇ ನಿಗದಿ ಮಾಡುತ್ತವೆ. ಶೇಕಡಾ 7ರ ಬಡ್ಡಿಗೆ ಇಪ್ಪತ್ತು ವರ್ಷಕ್ಕೆ 25 ಲಕ್ಷ ತೆಗೆದುಕೊಂಡವರ ಕಂತು ತಿಂಗಳಿಗೆ 19,382 ರೂಪಾಯಿ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ ದರ ಎರಡೂವರೆ ಶೇಕಡಾ ಏರಿತು. ಅದಷ್ಟೂ ದಾಟಿ ಬಂದರೆ ಅದೇ 25 ಲಕ್ಷಕ್ಕೆ ತಿಂಗಳ ಬಡ್ಡಿಯೇ 19,792 ರೂಪಾಯಿ. ಕಂತು ಹಳೆಯದೇ ಇದ್ದರೆ ಅಸಲು ಕರಗುವ ಮಾತಿರಲಿ, ಬೆಳೆಯತೊಡಗುತ್ತದೆ. ನನ್ನದೇ ಸಾಲದಲ್ಲಿ ಕಂತು ಏರಲಿಲ್ಲವೆಂದು ನಾನು ನಿಶ್ಚಿಂತೆಯಿಂದಿದ್ದೆ. ಲೆಕ್ಕಪತ್ರ ತರಿಸಿ ನೋಡಿದರೆ ಕೊನೆಯ ಕಂತಿನ ವರ್ಷ ಸದ್ದಿಲ್ಲದೆ ನನ್ನ ನಿವೃತ್ತಿಯನ್ನು ದಾಟಿ ಹೋಗಿತ್ತು. ಕಂಪನಿಯ ಹೆಸರು ಬೇಡ, ಆ ವರ್ಷ ಎಲ್ಲ ಕಡೆ ಇದೇ ಹಾಡು. ಕಂತು ಹೆಚ್ಚಿಸುವುದೋ ಅವಧಿ ಹೆಚ್ಚಿಸುವುದೋ ಎಂದು ಸಾಲಗಾರರನ್ನು ಕೇಳಬೇಕೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ ಹೇಳಿತು. ಕೇಳುವುದು ಅವರ ಕೆಲಸ, ವರ್ಷಕ್ಕೊಮ್ಮೆ ಲೆಕ್ಕಪತ್ರ ತರಿಸುವುದು ನಮ್ಮದು.

ಕೊನೆಯದಾಗಿ ಠೇವಣಿ ಇಡುವವರಿಗೆ ಒಂದು ಮಾತು. ಬ್ಯಾಂಕಿಗಿಂತ ಅರ್ಧ, ಮುಕ್ಕಾಲು ಶೇಕಡಾ ಬಡ್ಡಿ ಹೆಚ್ಚೆಂದು ನಿವೃತ್ತಿಯ ದುಡ್ಡನ್ನು ಗೃಹಸಾಲ ಕಂಪನಿಯಲ್ಲಿ ಇಡುವ ಮುನ್ನ ಅದರ ವಾರ್ಷಿಕ ವರದಿ ತೆರೆಯಿರಿ. ಅಧ್ಯಕ್ಷರ ನಗುಮುಖದ ಫೋಟೊ ದಾಟಿ ಹಿಂದಕ್ಕೆ ಹೋಗಿ. ಬರುವ ದುಡ್ಡು ಒಂದು ಸಾಲಿನಲ್ಲಿ, ಕೊಡಬೇಕಾದ ದುಡ್ಡು ಇನ್ನೊಂದು ಸಾಲಿನಲ್ಲಿ, ಒಂದು ತಿಂಗಳೊಳಗೆ, ಮೂರು ತಿಂಗಳೊಳಗೆ, ಒಂದು ವರ್ಷದೊಳಗೆ, ಐದು ವರ್ಷದ ಮೇಲೆ ಎಂದು ಖಾನೆ ಹಾಕಿದ ಪಟ್ಟಿಯೊಂದು ಅಲ್ಲಿರುತ್ತದೆ. ಮೊದಲ ಖಾನೆಗಳಲ್ಲಿ ಕೊಡುವುದು ಬರುವುದಕ್ಕಿಂತ ಬಹಳ ಹೆಚ್ಚಿದ್ದರೆ ಪುಸ್ತಕ ಮಡಚಿಡಿ. ರೇಟಿಂಗ್ ನಂಬಿ ಕೂರಬೇಡಿ, ಡಿಎಚ್‌ಎಫ್‌ಎಲ್ ಠೇವಣಿಗೆ 2019ರ ಜನವರಿಯವರೆಗೂ ಅತ್ಯುಚ್ಚ ಎಎಎ ದರ್ಜೆ ಇತ್ತು. ಉತ್ತರ ಪ್ರದೇಶದ ವಿದ್ಯುತ್ ನೌಕರರ ಭವಿಷ್ಯನಿಧಿಯ ಎರಡು ಸಾವಿರ ಕೋಟಿಗೂ ಹೆಚ್ಚು ದುಡ್ಡು ಅಲ್ಲಿ ಸಿಕ್ಕಿಬಿದ್ದಿತ್ತು. ಠೇವಣಿದಾರರ ಒಟ್ಟು ಹಕ್ಕಿನಲ್ಲಿ ಮರಳಿ ಬಂದದ್ದು ರೂಪಾಯಿಗೆ ಸುಮಾರು 23 ಪೈಸೆ. ಬ್ಯಾಂಕು ಮುಳುಗಿದರೆ ಠೇವಣಿಗೆ ಐದು ಲಕ್ಷದವರೆಗೆ ವಿಮೆ ಇದೆ. ಗೃಹಸಾಲ ಕಂಪನಿಯ ಠೇವಣಿಗೆ ಆ ವಿಮೆ ಇಲ್ಲ.